ಹಿತ್ತಲ ಮೊಟ್ಟೆ ಮಕ್ಕಳ ತಟ್ಟೆಗೆ ಬಂದ ಬಗೆ

ಬೆಳ್ಳಿಹಬ್ಬದ ಸಂಚಿಕೆ ಎಂದ ಮೇಲೆ ಸಂಘದ ಷೇರು, ಸಾಲ, ಲಾಭಾಂಶದ ಮಾತು ಇದ್ದೇ ಇರುತ್ತದೆ. ಅದನ್ನು ಬಲ್ಲವರು ಬರೆಯಲಿ. ನಾವಿಲ್ಲಿ ಹೇಳಹೊರಟಿರುವುದು ಒಂದು ಸಣ್ಣ ಪದಾರ್ಥದ ಚರಿತ್ರೆ, ಕೋಳಿಮೊಟ್ಟೆಯದು. ಮೊಟ್ಟೆ ತಿನ್ನುವವರೂ ತಿನ್ನದವರೂ ನಮ್ಮ ಸದಸ್ಯರಲ್ಲಿದ್ದಾರೆ. ಇಬ್ಬರೂ ಓದಬಹುದಾದ ಮಾತಿದು.

ನಾಗರಬಾವಿ ಇನ್ನೂ ಬಡಾವಣೆಯಾಗದೆ ಹಳ್ಳಿಯಾಗಿದ್ದ ಕಾಲದಲ್ಲಿ ಕೋಳಿ ಸಾಕುವುದೇನು ದೊಡ್ಡ ಕಸುಬಲ್ಲ. ಹಿತ್ತಲಲ್ಲಿ ನಾಲ್ಕು ನಾಟಿ ಕೋಳಿ, ರಾತ್ರಿ ಮೇಲೊಂದು ಮಂಕರಿ ಕವುಚಿದರೆ ಆಯಿತು. ನಾಟಿ ಕೋಳಿ ವರ್ಷಕ್ಕೆ ಇಡುವುದು ಸುಮಾರು 60 ಮೊಟ್ಟೆ. ಅದರಲ್ಲಿ ಕಾವಿಗೆ ಒಂದಷ್ಟು, ಮಾರಿ ಉಪ್ಪು-ಮೆಣಸಿನಕಾಯಿಗೆ ಕಾಸು ಮಾಡಿಕೊಳ್ಳಲು ಒಂದಷ್ಟು, ನೆಂಟರು ಬಂದರೆ ಎರಡು. ಹುಡುಗಿ ಮೈನೆರೆದರೆ ಹಸಿ ಮೊಟ್ಟೆ ಒಡೆದು ಎಳ್ಳೆಣ್ಣೆಯ ಜೊತೆ ಕುಡಿಸುತ್ತಿದ್ದರು. ದಿನಾ ಕೋಳಿಗೆ ಕಾಳು ಹಾಕುವ ಹೆಂಗಸಿನ ಬಾಯಿಗೆ, ಅದರ ಹಿಂದೆ ಓಡುವ ಮಕ್ಕಳ ಬಾಯಿಗೆ ಮೊಟ್ಟೆ ಎಲ್ಲಿ ಬರಬೇಕು? ಮೊಟ್ಟೆಯ ಚರಿತ್ರೆ ಎಂದರೆ ಅದು ಯಾರ ತಟ್ಟೆಗೆ ಬಿತ್ತು ಎಂಬುದರ ಚರಿತ್ರೆಯೇ.

ಈ ಪ್ರಶ್ನೆಯನ್ನು ದೇಶದ ಮಟ್ಟದಲ್ಲಿ ಕೇಳಿದವರೊಬ್ಬರು ನಮ್ಮೂರಿಗೇ ಬಂದರು. 1972ರಲ್ಲಿ ಸ್ಥಾಪನೆಯಾಗಿ ಇಲ್ಲಿ ನೆಲೆಸಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಸಂಸ್ಥೆಯ ಸ್ಥಾಪಕರಾದ ಡಾ. ವಿ.ಕೆ.ಆರ್.ವಿ. ರಾವ್ ಅವರು 1982ರಲ್ಲಿ ಭಾರತದ ಆಹಾರ, ಪೌಷ್ಟಿಕತೆ ಮತ್ತು ಬಡತನದ ಬಗ್ಗೆಯೇ ಒಂದು ಪುಸ್ತಕ ಹೊರತಂದರು.

ಅದೇ 1982ರಲ್ಲಿ ಇನ್ನೊಂದು ಕೆಲಸ ನಡೆಯಿತು. ಮೊಟ್ಟೆಯ ಬೆಲೆ ವ್ಯಾಪಾರಿಗಳ ಕೈಯಲ್ಲಿದ್ದು, ಸಾಕಿದವರಿಗೆ ಹಾಕಿದ ಬಂಡವಾಳವೂ ಹುಟ್ಟುತ್ತಿರಲಿಲ್ಲ. ಡಾ. ಬಿ.ವಿ. ರಾವ್ ಅವರ ಮುಂದಾಳುತನದಲ್ಲಿ ಕೋಳಿ ಸಾಕಣೆಗಾರರು ಒಗ್ಗೂಡಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯನ್ನು ಕಟ್ಟಿದರು, ಬೆಲೆಯನ್ನು ತಾವೇ ಸಾರಿದರು. ಒಗ್ಗಟ್ಟಿನ ಫಲ ಏನೆಂದು ಸಹಕಾರಿಗಳಾದ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಇತ್ತ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಿತ್ತಲಿಗೆಂದೇ ಗಿರಿರಾಜ ಕೋಳಿಯನ್ನು ಅಭಿವೃದ್ಧಿಪಡಿಸಿದರು. ನಾಟಿಯ ಎರಡರಷ್ಟು ಮೊಟ್ಟೆ ಕೊಡುವ ಕೋಳಿ ಅದು. ಫಾರಂ ಕೋಳಿಯಂತೂ ವರ್ಷಕ್ಕೆ 300 ದಾಟುತ್ತದೆ. ಹೀಗೆ ಮೊಟ್ಟೆ ಬಡವರ ಕೈಗೂ ಎಟುಕಿತು.

ಇಷ್ಟಕ್ಕೂ ಅದರಲ್ಲಿ ಏನಿದೆ? 50 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು, 70 ಕ್ಯಾಲೊರಿ, ಎ, ಡಿ, ಬಿ12 ಜೀವಸತ್ವಗಳಿವೆ. ಸಿ ಜೀವಸತ್ವವೂ ನಾರೂ ಇಲ್ಲ. ಅದಕ್ಕೆ ಸೊಪ್ಪು, ನಿಂಬೆಹಣ್ಣು ಬೇಕು. ನಮ್ಮ ರಾಗಿಯಲ್ಲಿ ಸುಣ್ಣದ ಅಂಶ ಧಾರಾಳ, ಆದರೆ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಡಿಮೆ. ಆ ಕೊರತೆಯನ್ನು ಮೊಟ್ಟೆ ತುಂಬುತ್ತದೆ. ಮುದ್ದೆ, ಸೊಪ್ಪಿನ ಸಾರು, ಜೊತೆಗೊಂದು ಬೇಯಿಸಿದ ಮೊಟ್ಟೆ ಇದ್ದರೆ ಒಳ್ಳೆಯ ಊಟವೇ. ಮೊಟ್ಟೆ ತಿನ್ನದವರಿಗೆ ಬೇಳೆಕಾಳು, ಹಾಲು-ಮೊಸರು ಇವೆ. ಹಸಿ ಮೊಟ್ಟೆಯಲ್ಲೇ ಶಕ್ತಿ ಜಾಸ್ತಿ ಎಂಬ ಹಿರಿಯರ ಮಾತು ಮಾತ್ರ ಸರಿಯಲ್ಲ. ಬೆಂದ ಮೊಟ್ಟೆಯ ಪ್ರೋಟೀನು ನೂರಕ್ಕೆ 90ರಷ್ಟು ಮೈಗೆ ಹತ್ತಿದರೆ, ಹಸಿಯದು ಹತ್ತುವುದು ಅರ್ಧದಷ್ಟೇ. ಹೊಟ್ಟೆ ಕೆಡುವ ಭಯ ಬೇರೆ.

ನಡುವೆ ಕೊಲೆಸ್ಟರಾಲಿನ ಹೆದರಿಕೆ ಬಂತು. 1968ರಲ್ಲಿ ಅಮೆರಿಕದ ಹೃದ್ರೋಗ ಸಂಘವು ವಾರಕ್ಕೆ ಮೂರು ಹಳದಿ ದಾಟಬಾರದೆಂದಿತು. 2015ರಲ್ಲಿ ಆ ದೇಶದ ಆಹಾರ ಸೂಚಿಯೇ ದಿನಕ್ಕೆ 300 ಮಿಲಿಗ್ರಾಂ ಕೊಲೆಸ್ಟರಾಲಿನ ಮಿತಿಯನ್ನು ಕೈಬಿಟ್ಟಿತು. ಆರೋಗ್ಯವಂತರಿಗೆ ದಿನಕ್ಕೊಂದು ಮೊಟ್ಟೆಯಿಂದ ತೊಂದರೆಯಿಲ್ಲ. ಸಕ್ಕರೆ ಕಾಯಿಲೆ, ಹೃದ್ರೋಗ ಇದ್ದವರು ಡಾಕ್ಟರನ್ನು ಕೇಳಿ ತಿನ್ನುವುದು ಲೇಸು.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕ ಮತ್ತು ವಿಜಯಪುರದ ಶಾಲೆಗಳ ಬಿಸಿಯೂಟದಲ್ಲಿ ಮೊಟ್ಟೆ ಬಂತು. ತಿನ್ನದ ಮಕ್ಕಳಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು, ಮಕ್ಕಳು ಮೊಟ್ಟೆ ಬೇಕೆಂದರು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ಹಬ್ಬಿತು. 2024ರ ಸೆಪ್ಟೆಂಬರಿನಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಎರಡಿದ್ದ ಮೊಟ್ಟೆ ಆರಾಯಿತು.

ಮಾರಿ ಉಪ್ಪು ತರುತ್ತಿದ್ದ ಮೊಟ್ಟೆ ಮಗುವಿನ ತಟ್ಟೆಗೆ ಬರಲು ಇಷ್ಟು ವರ್ಷ ಹಿಡಿಯಿತು. ಶಾಲೆಯಲ್ಲೇನೋ ಹುಡುಗ ಹುಡುಗಿ ಎನ್ನದೆ ಎಲ್ಲರಿಗೂ ಒಂದೊಂದು ಸಿಗುತ್ತಿದೆ. ನಮ್ಮ ಮನೆಯಲ್ಲಿ? ಮೊಟ್ಟೆ ಬೇಯಿಸಿದವಳ ತಟ್ಟೆಗೂ ಒಂದು ಬಿತ್ತೇ ಎಂದು ನಾವು ಒಂದು ಸಲ ತಿರುಗಿ ನೋಡಿದರೆ ಈ ಬರಹ ಸಾರ್ಥಕ.