ಮೂರು ಬೆರಳಿನ ಹಕ್ಕಿ

ಮೊನ್ನೆ ಕಲಬುರಗಿಯಲ್ಲಿ ಮೊಮ್ಮಗನ ಹುಟ್ಟುಹಬ್ಬವೆಂದು ಮನೆಮಂದಿಯೆಲ್ಲ ಹೋಟೆಲಿಗೆ ಹೋಗಿದ್ದೆವು. ಊಟದ ಪಟ್ಟಿಯಲ್ಲಿ ‘ಬಟೇರ್ ಫ್ರೈ’ ಎಂದಿತ್ತು. ಸೊಸೆ ಗಾಬರಿಯಿಂದ, “ಅತ್ತೀ, ಇದು ಕಾಯ್ದೆಕ್ಕ ವಿರುದ್ಧ ಅಲ್ಲೇನ್ರಿ?” ಎಂದು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ಹೋಟೆಲಿನ ಬಟೇರ್ ಹೊಲದಲ್ಲಿ ಹಿಡಿದದ್ದಲ್ಲ, ಜಪಾನಿ ತಳಿಯ ಸಾಕುಹಕ್ಕಿ. 1974ರಲ್ಲಿ ಉತ್ತರ ಪ್ರದೇಶದ ಇಜ್ಜತ್‌ನಗರದ ಸಂಶೋಧನಾ ಕೇಂದ್ರಕ್ಕೆ ಅಮೆರಿಕದಿಂದ ತರಿಸಿಕೊಂಡ ಮೇಲೆ ನಮ್ಮ ದೇಶದಲ್ಲೆಲ್ಲ ಹರಡಿತು. ಕೋಳಿಯಂತೆ ಸಾಕಿ ಮಾರುತ್ತಾರೆ, ತಪ್ಪೇನಿಲ್ಲ. ಇಷ್ಟು ಹೇಳಿ ಅವಳನ್ನು ಸಮಾಧಾನಪಡಿಸಿದೆ. ಆದರೆ ನನಗೇ ಸಮಾಧಾನವಾಗಲಿಲ್ಲ. ಅನ್ನ ಸಾರು ಉಂಡು ಎದ್ದೆ. ಆ ಹೆಸರು ಕಿವಿಗೆ ಬಿದ್ದರೆ ನನ್ನ ಕಣ್ಣ ಮುಂದೆ ಒಂದು ಬುಟ್ಟಿ ಬರುತ್ತದೆ.

ನನ್ನ ತವರು ಆಳಂದ. ಹಿಂಗಾರಿ ಜೋಳ ಮೊಣಕಾಲೆತ್ತರ ಬರುವ ಹೊತ್ತಿಗೆ ನಮ್ಮ ಓಣಿಗೆ ಹರಣಶಿಕಾರಿ ಹೆಂಗಸೊಬ್ಬಳು ಬರುತ್ತಿದ್ದಳು. ತಲೆಯ ಮೇಲೆ ಬಟ್ಟೆ ಮುಚ್ಚಿದ ಬುಟ್ಟಿ, ಬಗಲಲ್ಲಿ ಕೂಸು. ತನ್ನವರೊಡನೆ ಆಡುವ ಮಾತು ಗುಜರಾತಿಯ ಹಾಗೆ ಕೇಳಿಸುತ್ತಿತ್ತು. ನಮ್ಮೊಡನೆ ಮಾತ್ರ ಅಚ್ಚ ಆಳಂದದ ಕನ್ನಡ. ಬುಟ್ಟಿಯಲ್ಲಿ ಜೀವಂತ ಲಾವಗಿ, ಒಮ್ಮೊಮ್ಮೆ ಕವುಜಗ. ಪುಸ್ತಕದವರು ಲಾವಕ್ಕಿ ಎನ್ನುವುದನ್ನೇ ನಮ್ಮ ಕಡೆ ಉರ್ದು ಬಲ್ಲವರು ಬಟೇರ್ ಎನ್ನುತ್ತಾರೆ. ಕವುಜಗಕ್ಕೆ ತೀತರ್ ಎಂಬ ಹೆಸರು. ಬಾಣಂತಿಗೆ ಲಾವಗಿಯ ಸಾರು ಒಳ್ಳೆಯದೆಂದು ನಮ್ಮವ್ವನ ನಂಬಿಕೆ. ಮಾಂಸ ಉಣ್ಣುವ ಮನೆಗಳಿಗೆಲ್ಲ ಅವಳ ಗುರುತಿತ್ತು. ಅವಳ ಹೆಸರನ್ನು ಮಾತ್ರ ನಾವ್ಯಾರೂ ಕೇಳಿರಲಿಲ್ಲ.

ಹಕ್ಕಿಗಳ ಮೊದಲ ಪಾಠ ನನಗೆ ಆದದ್ದು ಅವಳಿಂದ, ನಮ್ಮ ಪಡಸಾಲೆಯ ಮೆಟ್ಟಿಲ ಮೇಲೆ. ಲಾವಗಿಯ ರೆಕ್ಕೆ ಬಿಡಿಸಿ ತೋರಿಸುತ್ತಿದ್ದಳು. ದೊಡ್ಡ ಗರಿಗಳ ಮೇಲೆ ತಿಳಿಬಣ್ಣದ ಅಡ್ಡಪಟ್ಟಿ ಇದ್ದರೆ ಅದು ಚಳಿಗಾಲಕ್ಕೆ ದೂರದಿಂದ ಬಂದ ಹಕ್ಕಿ. ಪಟ್ಟಿ ಇಲ್ಲದೆ ಗರಿ ಸಾದಾ ಇದ್ದರೆ ಮಳೆಗಾಲದಲ್ಲಿ ನಮ್ಮ ಹೊಲಗಳಲ್ಲೇ ಕೂಗುವ ಮಳೆ ಲಾವಗಿ. ಅದರ ಗಂಡಿಗೆ ಎದೆಯ ಮೇಲೆ ಮಸಿ ಬಳಿದಂತೆ ಕಪ್ಪು. ಮುಂದೆ ಎಷ್ಟೋ ವರ್ಷದ ಮೇಲೆ ಹಕ್ಕಿಗಳ ಪುಸ್ತಕ ಓದಿದಾಗ ಇದೇ ಗುರುತು ಅಲ್ಲಿಯೂ ಇತ್ತು. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಒಂದು ದಿನ ಅವ್ವ ಬುಟ್ಟಿಗೆ ಕೈ ಹಾಕಿ ಒಂದು ಹಕ್ಕಿ ಎತ್ತಿದಳು. ಆ ಹೆಂಗಸು ತಟ್ಟನೆ ಅದನ್ನು ಕಸಿದುಕೊಂಡಳು.

“ಯವ್ವಾ, ಇದು ಬ್ಯಾಡ. ಉರಲಿಗಿ ತಾನss ಬಿದ್ದದ, ನಾ ಬಿಡ್ತೀನಿ. ಬಳ್ಳ ಎಣಸಿ ನೋಡು.”

ಲಾವಗಿಗೆ ಮುಂದೆ ಮೂರು, ಹಿಂದೆ ಒಂದು, ಒಟ್ಟು ನಾಲ್ಕು ಬೆರಳು. ಇದಕ್ಕೆ ಹಿಂದಿನ ಬೆರಳೇ ಇರಲಿಲ್ಲ.

“ಇದು ಗಂಡು. ತತ್ತಿಗಿ ಕಾವು ಕೊಡೂದೂ ಇದss, ಮರಿ ಸಾಕೂದೂ ಇದss. ಇದನ್ನ ತಿಂದ್ರ ಒಂದು ಮನಿ ಮುರದಂಗ.”

“ಹಂಗಾದ್ರ ಹೆಣ್ಣು ಏನ್ ಮಾಡ್ತದ?”

“ಹೆಣ್ಣಾ? ಮತ್ತೊಬ್ಬಾಂವನ ಹುಡಕ್ಕೋತ ಹೋಗ್ತದ!”

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. “ಪುಣ್ಯ ಮಾಡ್ಯದ ಬಿಡು,” ಎಂದಳು. ಅವಳು ಐದು ಬಾಣಂತನ ಮಾಡಿಸಿಕೊಂಡವಳು.

ಇದು ಬರಿಯ ತಮಾಷೆಯ ಮಾತಲ್ಲ. ನೋಡಲು ಲಾವಗಿಯಂತೆಯೇ ಇದ್ದರೂ ಆ ಹಕ್ಕಿಯ ಕುಲವೇ ಬೇರೆ. ಹೆಣ್ಣು ಗಾತ್ರದಲ್ಲಿ ದೊಡ್ಡದು, ಬಣ್ಣದಲ್ಲಿ ಚೆಂದ, ಕುತ್ತಿಗೆ ಕಪ್ಪು. ಕೂಗಿ ಜೊತೆಗಾರನನ್ನು ಕರೆಯುವುದೂ ಅದೇ, ಅವನಿಗಾಗಿ ಬೇರೆ ಹೆಣ್ಣಿನೊಡನೆ ಕಾದಾಡುವುದೂ ಅದೇ. ಮೊಟ್ಟೆ ಇಟ್ಟ ಮೇಲೆ ಗಂಡಿಗೆ ಒಪ್ಪಿಸಿ ಮುಂದೆ ಹೋಗುತ್ತದೆ. ಇದನ್ನೆಲ್ಲ ಸರಸ್ವತಿಯ ಮುಖ ಕಾಣದ ಹೆಂಗಸೊಬ್ಬಳು ಬೆರಳೆಣಿಸಿ ಹೇಳಿದ್ದಳು.

ಈ ಬಗೆಯ ತಿಳಿವಳಿಕೆಗೆ ಇತಿಹಾಸದಲ್ಲಿ ಎರಡು ಹಾದಿಗಳಾದವು. ಒಂದು ಹಾದಿ ಗ್ರಂಥಾಲಯ ಸೇರಿತು. ಮುಂದೆ 1885ರಲ್ಲಿ ಕಾಂಗ್ರೆಸ್ ಸಭೆ ಕಟ್ಟಲು ಮುಂದಾದ ಎ.ಒ. ಹ್ಯೂಮ್ ಎಂಬ ಇಂಗ್ಲಿಷ್ ಅಧಿಕಾರಿ, ಮಾರ್ಷಲ್ ಎಂಬವರ ಜೊತೆಗೂಡಿ 1879ರಿಂದ 1881ರವರೆಗೆ ಹಿಂದುಸ್ತಾನದ ಬೇಟೆಹಕ್ಕಿಗಳ ಮೇಲೆ ಮೂರು ಸಂಪುಟಗಳನ್ನು ತಂದರು. ಬಣ್ಣದ ಚಿತ್ರಗಳಿದ್ದ ಆ ಸಂಪುಟಗಳನ್ನು ನೋಡಿ ಬಂದೂಕು ಹಿಡಿದ ಸಾಹೇಬರು ತಾವು ಹೊಡೆದದ್ದು ಏನೆಂದು ಗುರುತಿಸಿಕೊಂಡರು. 1931-32ರಲ್ಲಿ ನಿಜಾಮ ಸರ್ಕಾರದ ನೆರವಿನಿಂದ ಸಲೀಂ ಅಲಿಯವರು ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. ನಮ್ಮ ಜಿಲ್ಲೆ ಆಗ ಅದೇ ಸಂಸ್ಥಾನದಲ್ಲಿತ್ತು.

ಇನ್ನೊಂದು ಹಾದಿ ಪೊಲೀಸ್ ಠಾಣೆಯ ಕಡೆ ಹೋಯಿತು. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆ ತಂದರು. ಅಲೆಮಾರಿಗಳಾಗಿದ್ದ ಎಷ್ಟೋ ಕುಲಗಳು ಹುಟ್ಟಿನಿಂದಲೇ ಕಳ್ಳರೆಂದು ಅದರಲ್ಲಿ ಬರೆಯಲ್ಪಟ್ಟವು. ಉರುಲು ಹಾಕಿ ಹಕ್ಕಿ, ಚಿಗರಿ ಹಿಡಿಯುತ್ತಿದ್ದ ಪಾರ್ಧಿಗಳು ಈ ಲೆಕ್ಕಕ್ಕೆ ಸೇರಿದರು. ನಮ್ಮ ಹರಣಶಿಕಾರಿಗಳು ಅವರದೇ ಬಳಗ. ಆಳಂದಕ್ಕೆ ಹತ್ತಿರದ ಸೊಲ್ಲಾಪುರದಲ್ಲಿ ಇಂಥವರನ್ನು ಕೂಡಿಹಾಕಲು ತಂತಿಬೇಲಿಯ ಸೆಟ್ಲಮೆಂಟೇ ಇತ್ತು. 1887ರಲ್ಲಿ ಕಾಡುಹಕ್ಕಿಗಳ ರಕ್ಷಣೆಗೆಂದು ಬ್ರಿಟಿಷ್ ಮುಲುಕಿನಲ್ಲಿ ಮೊದಲ ಕಾಯ್ದೆ ಬಂತು. ಮರಿ ಮಾಡುವ ಕಾಲದಲ್ಲಿ ಮುನಸಿಪಾಲಿಟಿ, ದಂಡಿನ ಪ್ರದೇಶಗಳ ಒಳಗೆ ಆಗತಾನೆ ಹಿಡಿದ ಅಥವಾ ಕೊಂದ ಹಕ್ಕಿಗಳನ್ನು ಇಟ್ಟುಕೊಳ್ಳದಂತೆ, ಮಾರದಂತೆ ನಿಯಮ ಮಾಡಲು ಅದರಲ್ಲಿ ಅವಕಾಶವಿತ್ತು. ಅಂದರೆ ಕಾಯ್ದೆಯ ಕಣ್ಣು ಮೊದಲು ಬಿದ್ದದ್ದು ಸಂತೆಗೆ ಬರುವ ಬುಟ್ಟಿಯ ಮೇಲೆ.

ನಮ್ಮ ಆಳಂದ ನಿಜಾಮರ ಕಾಲದಲ್ಲಿ ಪೈಗಾ ಜಾಗೀರಿನ ತಾಲ್ಲೂಕು. ನಿಜಾಮರಿಗೆ ದಂಡು ಇಟ್ಟುಕೊಟ್ಟ ಅಮೀರರಿಗೆ ಬಿಟ್ಟ ಊರುಗಳವು. ದೊಡ್ಡವರು ಶಿಕಾರಿಗೆ ಬಂದರೆ ಊರಿನ ಬಡವರು ಡಬ್ಬ ಬಡಿಯುತ್ತ ಹುಲ್ಲಿನಲ್ಲಿ ನಡೆದು ಹಕ್ಕಿ ಎಬ್ಬಿಸಬೇಕಾಗಿತ್ತೆಂದು ಅಜ್ಜ ಹೇಳುತ್ತಿದ್ದ. ಕೂಲಿಯ ಮಾತಿಲ್ಲ, ಅದು ಬಿಟ್ಟಿ ಚಾಕರಿ. 1948ರ ಪೊಲೀಸ್ ಕಾರ್ಯಾಚರಣೆ ಆಯಿತು, 1949ರಲ್ಲಿ ಜಾಗೀರು ರದ್ದಾದವು. 1952ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯೂ ಹೋಯಿತು. ಕಾಗದದ ಮೇಲೆ ಎಲ್ಲರೂ ಸರಿಸಮಾನರಾದರು.

ಮುಂದೆ 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬೇಕಾಗಿದ್ದ ಕಾಯ್ದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ವರ್ಷಗಳಲ್ಲಿ ಅದರಲ್ಲಿ ಬೇಟೆಗೆ ಪರವಾನಗಿ ಕೊಡುವ ವ್ಯವಸ್ಥೆ ಇನ್ನೂ ಇತ್ತು. ಲಾವಗಿ, ಕವುಜಗದಂಥ ಹಕ್ಕಿಗಳು ‘ಸಣ್ಣ ಬೇಟೆ’ ಎಂಬ ಪಟ್ಟಿಯಲ್ಲಿದ್ದವು. ಶುಲ್ಕ ಕಟ್ಟಿ, ಅರ್ಜಿ ಬರೆದು, ಪರವಾನಗಿ ಪಡೆದವರು ಹೊಡೆಯಬಹುದಾಗಿತ್ತು. ನಮ್ಮ ಓಣಿಯಲ್ಲಿಯೇ ಒಬ್ಬ ಹಿರಿಯರಿಗೆ ಅಂಥ ಪರವಾನಗಿ ಇತ್ತು. ಆದಿತ್ಯವಾರ ಜೀಪಿನಲ್ಲಿ ಹೋಗಿ ಹಕ್ಕಿಗಳ ಗೊಂಚಲು ತರುತ್ತಿದ್ದರು. ಅವರಿಗೆ ಊರೆಲ್ಲ ನಮಸ್ಕಾರ ಮಾಡುತ್ತಿತ್ತು.

1977ರಲ್ಲಿ ನಾನು ಚೊಚ್ಚಲ ಬಾಣಂತನಕ್ಕೆ ಜೇವರ್ಗಿಯಿಂದ ತವರಿಗೆ ಬಂದಿದ್ದೆ. ಅವ್ವ ಆ ಹೆಂಗಸಿಗೆ ಮೊದಲೇ ಹೇಳಿ ಕಳಿಸಿದ್ದಳು. ಆಕೆ ಆರು ಲಾವಗಿ ತರುತ್ತಿದ್ದಾಗ ದಾರಿಯಲ್ಲಿ ಹಿಡಿದರು. ಕೇಳುವವರು ಕೇಳಿದರು, ಇವು ಯಾರ ಮನೆಗೆ? ಅವಳು ಬಾಯಿ ಬಿಡಲಿಲ್ಲ. ಸುದ್ದಿ ನಮಗೆ ಬಂದಾಗ ಅವ್ವ ಅಪ್ಪನ ಮುಂದೆ ನಿಂತು, “ಹೋಗಿ ಒಂದು ಮಾತು ಹೇಳಿ ಬರ್ರಿ, ತರಲಾಕ ಹೇಳಿದವರು ನಾವೇ,” ಎಂದಳು. ಅಪ್ಪ ಸರ್ಕಾರಿ ನೌಕರಿಯವರು. ರುಮಾಲು ಕೈಗೆತ್ತಿಕೊಂಡರು, ಮತ್ತೆ ಗೂಟಕ್ಕೆ ಹಾಕಿದರು. “ನಮ್ಮ ಹೆಸರು ಯಾಕ ನಡಕ?” ಎಂದರು. ಅವ್ವ ಸುಮ್ಮನಾದಳು. ಕೂಸಿಗೆ ಹಾಲು ಕುಡಿಸುತ್ತ ನಾನೂ ಸುಮ್ಮನಿದ್ದೆ. ಅದೇ ಆದಿತ್ಯವಾರ ಆ ಹಿರಿಯರ ಮನೆಯಿಂದ ನನಗೆಂದು ಲಾವಗಿಯ ಸಾರು ಬಂತು. ನಾನು ಉಂಡೆ.

ಆಕೆ ಮತ್ತೆ ನಮ್ಮ ಓಣಿಗೆ ಬರಲಿಲ್ಲ.

1991ರ ತಿದ್ದುಪಡಿಯಿಂದ ಈ ಪರವಾನಗಿಗಳು ನಿಂತವು. ಈಗ ಲಾವಗಿಯನ್ನಾಗಲಿ ಕವುಜಗವನ್ನಾಗಲಿ ಯಾರೂ ಹಿಡಿಯುವಂತಿಲ್ಲ, ಕೊಳ್ಳುವಂತಿಲ್ಲ. 2022ರಲ್ಲಿ ಕಾಯ್ದೆಯನ್ನು ಮತ್ತೆ ತಿದ್ದಿ ದಂಡವನ್ನೂ ಹೆಚ್ಚಿಸಿದ್ದಾರೆ. ಆಗಲಿ, ಒಳ್ಳೆಯದೇ. ಆದರೆ ಹಕ್ಕಿ ಕಡಿಮೆಯಾದದ್ದು ಬುಟ್ಟಿಯೊಂದರಿಂದಲೇ ಅಲ್ಲ. ಅಫಜಲಪುರದ ಕಡೆ ಭೀಮೆಯ ದಂಡೆಗುಂಟ ಹೋಗಿ ನೋಡಿ. ಸೊನ್ನದ ಹತ್ತಿರ ಹೊಳೆಗೆ ಒಡ್ಡು ಕಟ್ಟಿದ್ದಾರೆ. ನೀರು ಸಿಕ್ಕಲ್ಲೆಲ್ಲ ಕಬ್ಬು ನಿಂತಿದೆ. ರೈತರ ಮನೆ ನಡೆಯಿತು, ಅದಕ್ಕೆ ಹೊಟ್ಟೆಕಿಚ್ಚಿಲ್ಲ. ಆದರೆ ಹುಲ್ಲಿನ ಬೀಳು, ದನ ಮೇಯುತ್ತಿದ್ದ ಗಾಯರಾಣ, ಹೊಲದ ಅಗಲವಾದ ಬದು ಸವೆದವು. ಲಾವಗಿ ಗೂಡು ಕಟ್ಟುವುದು ನೆಲದ ಮೇಲೆ, ಹುಲ್ಲಿನ ಮರೆಯಲ್ಲಿ. ಅದು ಇನ್ನೆಲ್ಲಿಗೆ ಹೋದೀತು? ಇದೇ ಬಯಲುಸೀಮೆಯ ದೊಡ್ಡ ಹಕ್ಕಿ ಎರೆಭೂತಕ್ಕಾಗಿ 1979ರಲ್ಲಿ ಸೊಲ್ಲಾಪುರದ ಪಕ್ಕ ನಾನ್ನಜದಲ್ಲಿ ಅಭಯಾರಣ್ಯ ಮಾಡಿದರು. ಆ ಹಕ್ಕಿಯೇ ಇಂದು ದೇಶದಲ್ಲೆಲ್ಲ ಸೇರಿ ಇನ್ನೂರರೊಳಗೆ ಇದೆ, ಅದರಲ್ಲಿ ಬಹುಪಾಲು ರಾಜಸ್ಥಾನದಲ್ಲಿ.

ಆ ಬೀಳಿನಲ್ಲೇ ಹರಣಶಿಕಾರಿಗಳ ಗುಡಾರಗಳೂ ಇರುತ್ತಿದ್ದವು. ಹಕ್ಕಿಗೂ ಅವರಿಗೂ ನೆಲ ತಪ್ಪಿದ್ದು ಒಟ್ಟೊಟ್ಟಿಗೇ. ಒಂದರ ಹೆಸರಾದರೂ ರಕ್ಷಣೆಯ ಪಟ್ಟಿಯಲ್ಲಿದೆ.

ಹೋದ ಮೃಗಶಿರ ಮಳೆಗೆ ಜೇವರ್ಗಿಯ ನಮ್ಮ ಹೊಲಕ್ಕೆ ಹೋಗಿದ್ದೆ. ತೊಗರಿ ಬಿತ್ತನೆಗೆ ನೆಲ ಹದವಾಗಿತ್ತು. ಬದುವಿನಾಚೆ ದೂರದಲ್ಲಿ ಯಾರೋ ಬೀಸುಕಲ್ಲು ತಿರುವಿದಂತೆ ಡರ್‌ರ್‌ರ್ ಎಂದು ಸದ್ದು ಬಂತು. ಮೂರು ಬೆರಳಿನ ಹಕ್ಕಿಯ ಹೆಣ್ಣು ಗಂಡನ್ನು ಕರೆಯುತ್ತಿತ್ತು. ಜೊತೆಗಿದ್ದ ಸೊಸೆಗೆ ಅದರ ಕಥೆ ಹೇಳಿದೆ. ಅವಳೂ ಅವ್ವನಂತೆಯೇ ನಕ್ಕಳು.

“ಇದೆಲ್ಲ ನಿಮಗ ಯಾರು ಹೇಳಿಕೊಟ್ರು ಅತ್ತೀ?” ಎಂದಳು.

ಹೇಳಬೇಕೆಂದು ಬಾಯಿ ತೆರೆದೆ. ಆಗ ಗೊತ್ತಾಯಿತು, ಹೇಳಲು ನನ್ನ ಬಳಿ ಒಂದು ಹೆಸರೂ ಇಲ್ಲವೆಂದು.