ಪೋಪ್ ಇಲ್ಲದ 15 ದಿನಗಳ ಬೆಳ್ಳಿ ನಾಣ್ಯ

ಜೇಬಲ್ಲಿ ಒಂದು ನಾಣ್ಯ ಇದ್ದರೆ ತೆಗೆದು ನೋಡಿ. ಸಿಂಹದ ಲಾಂಛನ ಕಾಣುತ್ತೆ. ಇದರ ಹಿಂದೆ ಒಂದು ಸರ್ಕಾರ ಇದೆ ಅನ್ನೋ ಗುರುತು ಅದು. ಹಾಗಾದರೆ ನಾಣ್ಯ ಹೊರಡಿಸಬೇಕಾದ ದೊರೆಯೇ ತೀರಿಕೊಂಡು, ಮುಂದಿನವರು ಇನ್ನೂ ಬಂದಿಲ್ಲ ಅಂದ್ರೆ ಏನು ಮಾಡ್ತಾರೆ?

1846ರ ಜೂನ್ 1. ರೋಮ್‌ನಲ್ಲಿ ಪೋಪ್ ಹದಿನಾರನೇ ಗ್ರೆಗರಿ ತೀರಿಕೊಂಡರು. ಆಗ ಪೋಪ್ ಅಂದ್ರೆ ಬರೀ ಧರ್ಮಗುರು ಅಲ್ಲ, ಮಧ್ಯ ಇಟಲಿಯನ್ನು ಆಳುತ್ತಿದ್ದ ದೊರೆ ಕೂಡ. ಸೆರೆಮನೆಗಳಲ್ಲಿ ರಾಜಕೀಯ ಕೈದಿಗಳಿದ್ದರು, ಜನರಲ್ಲಿ ಅಸಮಾಧಾನ ಇತ್ತು. ಪೀಠ ಮಾತ್ರ ಖಾಲಿ.

ಆ ದಿನಗಳ ಹೆಸರಲ್ಲಿ ಬಂದದ್ದೇ ನಾನು ಹೇಳ್ತಿರೋ ಸ್ಕೂಡೋ. ಸುಮಾರು 27 ಗ್ರಾಂ ತೂಕದ ಬೆಳ್ಳಿ ನಾಣ್ಯ. ಅದರ ಮೇಲೆ ಪೋಪ್ ಮುಖ ಇಲ್ಲ. ಮುಖದ ಜಾಗದಲ್ಲಿ, ಮಧ್ಯಂತರದ ಆಡಳಿತ ನೋಡಿಕೊಳ್ಳುವ ಕಾರ್ಡಿನಲ್, ಅಂದರೆ ಕಮರ್ಲೆಂಗೋ ಅವರ ಮನೆತನದ ಲಾಂಛನ. ಅದರ ಮೇಲೆ ಒಂದು ಛತ್ರಿ, ಅಡ್ಡಡ್ಡ ಇಟ್ಟ ಎರಡು ಕೀಲಿಕೈ. ಕೀಲಿಕೈಗಳು ಯೇಸು ಪೇತ್ರನಿಗೆ ಕೊಟ್ಟ ಅಧಿಕಾರದ ಸಂಕೇತ. ಮನುಷ್ಯ ಹೋದರೂ ಅಧಿಕಾರ ಹೋಗಿಲ್ಲ, ಛತ್ರಿಯ ನೆರಳಲ್ಲಿ ಕಾಯ್ತಾ ಇದೆ ಅಂತ ಅರ್ಥ.

ನಾಣ್ಯ ತಿರುಗಿಸಿದರೆ ಕಿರಣಗಳ ನಡುವೆ ರೆಕ್ಕೆ ಬಿಚ್ಚಿದ ಪಾರಿವಾಳ. ಅದು ಪವಿತ್ರಾತ್ಮ. ಹೊಸ ಪೋಪ್‌ನನ್ನು ಆರಿಸುವ ಕಾರ್ಡಿನಲ್‌ಗಳಿಗೆ ದಾರಿ ತೋರಿಸೋದು ಅದೇ ಅನ್ನೋದು ನಂಬಿಕೆ. ಸುತ್ತ ಲ್ಯಾಟಿನ್‌ನಲ್ಲಿ ಒಂದು ಮಾತು: ನಿಮ್ಮನ್ನು ಅನಾಥರಾಗಿ ಬಿಡೋದಿಲ್ಲ ಅನ್ನೋ ಅರ್ಥದ, ಯೋಹಾನನ ಸುವಾರ್ತೆಯಲ್ಲಿ ಯೇಸು ಶಿಷ್ಯರಿಗೆ ಕೊಡುವ ಭರವಸೆ.

ಜೂನ್ 16ಕ್ಕೆ ಒಂಬತ್ತನೇ ಪಿಯಸ್ ಆಯ್ಕೆಯಾದರು. ಒಂದೇ ತಿಂಗಳಲ್ಲಿ ರಾಜಕೀಯ ಕೈದಿಗಳಿಗೆ ಕ್ಷಮಾದಾನ ಕೊಟ್ಟರು. ಜನ ಕುಣಿದಾಡಿದರು. ಆದರೆ 1848ರ ನವೆಂಬರ್‌ನಲ್ಲಿ ರೋಮ್ ದಂಗೆ ಎದ್ದಾಗ ಅದೇ ಪೋಪ್ ಸಾಮಾನ್ಯ ಪಾದ್ರಿಯ ವೇಷದಲ್ಲಿ ಗಯೇಟಾ ಊರಿಗೆ ಓಡಿಹೋದರು. ಬಿಟ್ಟುಹೋಗಲ್ಲ ಅಂತ ಮಾತು ಕೊಟ್ಟಿದ್ದ ನಾಣ್ಯ ಇನ್ನೂ ಜನರ ಕೈಯಲ್ಲೇ ಇತ್ತು! ಫ್ರೆಂಚ್ ಸೈನ್ಯದ ಬಲದಿಂದ ಅವರು 1850ರಲ್ಲಿ ವಾಪಸ್ ಬಂದರು. 1870ರಲ್ಲಿ ಇಟಲಿಯ ಸೈನ್ಯ ರೋಮ್ ಹೊಕ್ಕಿತು, ಪೋಪ್‌ಗಳ ರಾಜ್ಯ ಮುಗಿಯಿತು.

ಛತ್ರಿ ಮಾತ್ರ ಉಳಿದುಕೊಂಡಿದೆ. 2025ರಲ್ಲಿ ಪೋಪ್ ಫ್ರಾನ್ಸಿಸ್ ತೀರಿಕೊಂಡು, ಹದಿನಾಲ್ಕನೇ ಲಿಯೋ ಬರುವವರೆಗೂ ಖಾಲಿ ಪೀಠದ ಗುರುತು ಅದೇ ಛತ್ರಿ, ಅದೇ ಕೀಲಿಕೈ. ರಾಜ್ಯ ಹೋಯ್ತು, ನಂಬಿಕೆ ಉಳೀತು. ಆ ನಾಣ್ಯದ ಭರವಸೆ ಯಾವುದರ ಬಗ್ಗೆ ಇತ್ತು ಅನ್ನೋದನ್ನ ನೀವೇ ಯೋಚಿಸಿ. ಮತ್ತೆ ಸಿಗೋಣ.