ತರೀಕೆರೆಯಲ್ಲಿ ಇಳಿಸಿ ಹತ್ತಿಸಿದ ಹಾಗೆ

ನರಸಿಂಹರಾಜಪುರಕ್ಕೆ ಒಂದು ಕಾಲದಲ್ಲಿ ರೈಲಿತ್ತು ಅಂದರೆ ಈಗಿನ ಹುಡುಗರು ನಗುತ್ತಾರೆ. ಮೈಸೂರು ಸಂಸ್ಥಾನದ ಕಾಲದಲ್ಲಿ ತರೀಕೆರೆಯಿಂದ ಕಾಡಿನೊಳಗೆ ಬರುತ್ತಿದ್ದ ಆ ಪುಟ್ಟ ರೈಲಿನ ಹಳಿಯ ಅಗಲ ಎರಡೇ ಅಡಿ. ತರೀಕೆರೆ ಮೇಲೆ ಹಾದುಹೋಗುವ ಬೀರೂರು–ಶಿವಮೊಗ್ಗ ಮಾರ್ಗದ್ದು ಆಗ ಒಂದು ಮೀಟರ್ ಇತ್ತು. ಇದರ ಗಾಡಿ ಅದರ ಮೇಲೆ ಓಡುತ್ತಿರಲಿಲ್ಲ. ಸರಕು ಮುಂದೆ ಹೋಗಬೇಕಿದ್ದರೆ ತರೀಕೆರೆಯಲ್ಲಿ ಇಳಿಸಿ ಮತ್ತೆ ಹತ್ತಿಸಬೇಕಿತ್ತು.

ಇಂಟರ್ನೆಟ್‌ನಲ್ಲಿ ಹಾಡು, ವಿಡಿಯೊ ಬರಲು ಶುರುವಾದಾಗಲೂ ಹೀಗೇ ಆಯಿತು. 1995ರಲ್ಲಿ ರಿಯಲ್ ಆಡಿಯೊ ಬಂತು. ಪೂರ್ತಿ ಡೌನ್‌ಲೋಡ್ ಆಗುವವರೆಗೆ ಕಾಯದೆ ಕೇಳಬಹುದಾಯಿತು. ಮೈಕ್ರೋಸಾಫ್ಟ್ ತನ್ನದೇ ವಿಂಡೋಸ್ ಮೀಡಿಯಾ ತಂದಿತು. ಆ್ಯಪಲ್‌ನವರದ್ದು ಕ್ವಿಕ್‌ಟೈಮ್. ಮೂವರದ್ದು ಮೂರು ಅಳತೆಯ ಹಳಿ. ನಾನು ಕಾಲೇಜಿನಲ್ಲಿದ್ದಾಗ ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಒಂದು ಯಕ್ಷಗಾನದ ಪದ ಕೇಳಲು ಕೂತರೆ, ಅರ್ಧ ಗಂಟೆ ಪ್ಲೇಯರ್ ಹುಡುಕುವುದಕ್ಕೇ ಹೋಗುತ್ತಿತ್ತು. ಪದ ಕೇಳಿದ ನೆನಪಿಲ್ಲ, ಬಿಲ್ ಕಟ್ಟಿದ್ದು ನೆನಪಿದೆ.

2003ರಲ್ಲಿ ಐಟಿಯು ಮತ್ತು ಐಎಸ್‌ಒ ಎಂಬ ಎರಡು ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ಎಚ್.264 ಎಂಬ ಒಂದೇ ಅಳತೆ ಗೊತ್ತುಮಾಡಿದವು. ಯಾವ ಕಂಪನಿಯ ಕ್ಯಾಮೆರಾ, ಯಾವ ಕಂಪನಿಯ ಫೋನ್ ಎಂಬ ಹಂಗು ಕಡಿಮೆಯಾಯಿತು. ಇದೇನೂ ಧರ್ಮಕ್ಕೆ ಮಾಡಿದ್ದಲ್ಲ, ಅದಕ್ಕೂ ಪೇಟೆಂಟ್ ಶುಲ್ಕವಿದೆ. ಆದರೂ ಎಲ್ಲರೂ ಒಪ್ಪಿದರು.

ನಮಗೆ ಹೆಚ್ಚು ಉಪಕಾರವಾದದ್ದು ಆಮೇಲಿನದ್ದು. 2009ರ ಎಚ್‌ಎಲ್‌ಎಸ್, 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಡ್ಯಾಶ್, ಎರಡರ ಉಪಾಯವೂ ಒಂದೇ. ವಿಡಿಯೊವನ್ನು ಕೆಲವೇ ಸೆಕೆಂಡುಗಳ ತುಂಡು ಮಾಡುವುದು. ಪ್ರತಿ ತುಂಡನ್ನೂ ದಪ್ಪ, ಮಧ್ಯಮ, ತೆಳು ಎಂದು ಹಲವು ಬಗೆಯಲ್ಲಿ ಇಡುವುದು. ಸಿಗ್ನಲ್ ಚೆನ್ನಾಗಿದ್ದರೆ ಫೋನ್ ದಪ್ಪ ತುಂಡು ಎಳೆದುಕೊಳ್ಳುತ್ತದೆ, ಕುಗ್ಗಿದರೆ ತೆಳುವಿಗೆ ಇಳಿಯುತ್ತದೆ. ಶೃಂಗೇರಿಯಿಂದ ಕೊಪ್ಪಕ್ಕೆ ಬಸ್ಸಿನಲ್ಲಿ ಬರುವಾಗ ತಾಳಮದ್ದಳೆ ಲೈವ್‌ನಲ್ಲಿ ಭಾಗವತರ ಮುಖ ಮಸುಕಾದರೂ ಪದ ನಿಲ್ಲದಿರುವುದು ಇದರಿಂದ. ಟವರೇ ಇಲ್ಲದ ಕಡೆ ಯಾವ ಮಾನಕವೂ ಕೆಲಸಕ್ಕೆ ಬಾರದು, ಅದು ಬೇರೆ ಗೋಳು.

ಹಳೇ ಹಳಿಯಲ್ಲೇ ಉಳಿದುಹೋದ ಗಾಡಿಗಳ ಕಥೆ ಏನು? ನಮ್ಮ ಮನೆ ಕಪಾಟಿನ ಸಿಡಿಯಲ್ಲಿ ಅಜ್ಜಯ್ಯ ಅರ್ಥ ಹೇಳಿದ್ದು ರಿಯಲ್ ಮೀಡಿಯಾ ಫೈಲಾಗಿ ಇತ್ತು. ಫೋನಿಗೆ ಹಾಕಿದರೆ ತೆರೆಯಲಿಲ್ಲ. ಕಂಪ್ಯೂಟರ್‌ನಲ್ಲಿ ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ತೆರೆಯಿತು. ಅಲ್ಲೇ ಎಂಪಿ4 ಮಾಡಿಕೊಂಡೆ. ಇಳಿಸಿ ಹತ್ತಿಸುವ ಕೆಲಸ. ಕೊನೆಯ ಹತ್ತು ನಿಮಿಷ ಸಿಗಲಿಲ್ಲ, ಮಳೆಗಾಲದ ತೇವಕ್ಕೆ ಸಿಡಿಯ ಅಂಚಿಗೆ ಬೂಸ್ಟು ಹಿಡಿದಿತ್ತು.